ನನ್ನ ಭಾರಕ್ಕೆ ನಿಂತ ಗಾಡಿ

ಹೋದ ವಾರ ನಮ್ಮ ಹಾಸ್ಟೆಲ್ಲಿಗೆ ಅಕ್ಕಿ ಬಂದ ದಿನ ಮಳೆ ಹಿಡಿದುಕೊಂಡಿತ್ತು. ಲಾರಿಯವನು ಹಿತ್ತಲ ಬಾಗಿಲಿಗೆ ಗಾಡಿ ಹಚ್ಚಿದ. ಎಂಜಿನ್ ಆರಿಸುವಷ್ಟೂ ವ್ಯವಧಾನವಿಲ್ಲದೆ ಚೀಲಗಳ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ನನ್ನ ಕಾಲ ಬಳಿಯೇ ಒಗೆದ. ತೊಯ್ದ ಪ್ಲಾಸ್ಟಿಕ್ಕಿನ ವಾಸನೆಯೂ ಡೀಸೆಲ್ ಹೊಗೆಯೂ ಒಟ್ಟಿಗೆ ಮೂಗಿಗೆ ಬಡಿದವು. ಚೀಲ ಇಳಿಸಿಕೊಳ್ಳಬೇಕಾದವಳು ಸುಮ್ಮನೆ ನಿಂತುಬಿಟ್ಟೆ. ಜೊತೆಗಿದ್ದ ಅಡುಗೆಯವಳು ತಲೆ ತಿರುಗುತ್ತಿದೆಯೇ ಎಂದು ಕೇಳಿದಳು. ತಲೆ ನೆಟ್ಟಗೇ ಇತ್ತು. ಆದರೆ ಆ ಗಳಿಗೆಯಲ್ಲಿ ನಾನು ಕೊಪ್ಪಳದಲ್ಲಿರಲಿಲ್ಲ. ಕನಕಗಿರಿ ದಾಟಿದ ಮೇಲೆ ಬರುವ ಒಂದು ಏರಿನ ಬುಡದಲ್ಲಿ, ಹಳೆಯ ಮಿನಿ ಲಾರಿಯೊಂದರ ಹಿಂದೆ, ಮೊಣಕಾಲವರೆಗೂ ಮಳೆಗೆ ತೊಯ್ದು ನಿಂತಿದ್ದೆ.

ಅದು ನಾನು ಈ ಹಾಸ್ಟೆಲ್ಲಿನ ಒಲೆ ಹಿಡಿಯುವುದಕ್ಕೆ ಮುಂಚಿನ ಮಾತು. ನಮ್ಮೂರು ಕುಷ್ಟಗಿ ತಾಲೂಕಿನ ಅಂಚಿನ ಒಣ ಸೀಮೆ. ಸಜ್ಜೆ ಬಿತ್ತಿದರೆ ಆಯಿತು, ತೊಗರಿ ಬಿತ್ತಿದರೆ ಆಯಿತು, ಮಿಕ್ಕದ್ದು ಮೋಡದ ಕೈಯಲ್ಲಿ. ಕಾರಟಗಿ ಕಡೆಯದು ಬೇರೆಯೇ ಲೋಕ. ಅಲ್ಲಿ ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ನಮ್ಮ ಕಡೆಯ ಹೆಂಗಸರು ಬುತ್ತಿ ಕಟ್ಟಿಕೊಂಡು ಭತ್ತದ ನಾಟಿಗೆ ಹೊರಡುತ್ತಿದ್ದರು. ನನ್ನ ಗಂಡ ಕುರಿ ಹಿಂದೆ ಅಡವಿ ತಿರುಗುವವನು. ಮಗಳು ಆಗಲೇ ಅತ್ತೆಯ ಮನೆಗೆ ಹೋಗಿದ್ದಳು. ಮನೆಯಲ್ಲಿ ಕೂತರೆ ನನಗೆ ಮೈ ನೋವು, ಗದ್ದೆಗೆ ಇಳಿದರೆ ಬೆನ್ನು ನೋವು. ಎರಡರಲ್ಲಿ ಬೆನ್ನು ನೋವೇ ವಾಸಿ ಎಂದು ವರ್ಷಾ ವರ್ಷ ಹೋಗುತ್ತಿದ್ದೆ.

ನಾನು ದಪ್ಪ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮವ್ವನೂ ಹೀಗೆಯೇ ಇದ್ದಳು, ಅವಳ ಅವ್ವನೂ ಹೀಗೆಯೇ ಇದ್ದಳಂತೆ. ಉಂಡು ಬಂದ ಮೈಯಲ್ಲ, ಹುಟ್ಟಿ ಬಂದ ಮೈ. ನಮ್ಮ ಕಡೆ ಓಣಿಗೆ ಇಬ್ಬರಾದರೂ ಹುಲಿಗೆವ್ವ ಇದ್ದೇ ಇರುತ್ತಾರೆ, ಆದ್ದರಿಂದ ಗುರುತಿಗೆ ನಾನು ದಪ್ಪನ ಹುಲಿಗಿ. ಆ ಹೆಸರಿಗೆ ನನಗೆ ಬೇಸರವೇನೂ ಇರಲಿಲ್ಲ. ಗದ್ದೆಯಲ್ಲಿ ಬಗ್ಗಿದರೆ ಸಾಲು ಮುಗಿಯುವವರೆಗೆ ಸೊಂಟ ಎತ್ತುತ್ತಿರಲಿಲ್ಲ. ನನ್ನ ಪಕ್ಕದ ಸಾಲು ಹಿಡಿಯಲು ಎಳೆಯ ಹುಡುಗಿಯರು ಹೆದರುತ್ತಿದ್ದರು. ಹಾಗಾಗಿ ದಪ್ಪನ ಹುಲಿಗಿ ಎಂದು ಕರೆದರೆ ಅದರಲ್ಲಿ ಒಂದಿಷ್ಟು ಮರ್ಯಾದೆಯೂ ಸೇರಿರುತ್ತಿತ್ತು.

ನಮ್ಮ ಗುಂಪಿಗೆ ದುರಗವ್ವ ಮೇಸ್ತ್ರಿ. ಯಾವ ಕ್ಯಾಂಪಿನ ಯಾವ ರೈತನ ಗದ್ದೆ, ಎಷ್ಟು ಎಕರೆ, ಎಂದು ಮುಗಿಸಬೇಕು ಎಂಬ ಮಾತುಕತೆಯೆಲ್ಲ ಅವಳದು. ಕ್ಯಾಂಪೆಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರು. ಗದ್ದೆಯ ಯಜಮಾನ ಬದುವಿನ ಮೇಲೆ ನಿಂತು ತೆಲುಗಿನಲ್ಲಿ ಅವಸರ ಮಾಡುತ್ತಿದ್ದ, ನಾವು ಬಗ್ಗಿದಲ್ಲೇ ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದೆವು, ಇಬ್ಬರಿಗೂ ಅರ್ಥವಾಗುತ್ತಿತ್ತು. ನಮ್ಮನ್ನು ಕರೆದುಕೊಂಡು ಹೋಗಿ ಬರುವವನು ನಮ್ಮೂರಿನವನೇ ಆದ ಶರಣಪ್ಪ. ಗಾಡಿ ಅವನದೇ, ಓಡಿಸುವವನೂ ಅವನೇ. ಬೆಳಿಗ್ಗೆ ಹೋಗುವಾಗ ದಾರಿಯೆಲ್ಲ ಇಳಿಜಾರು, ಗಾಳಿಗೆ ಮುಖ ಕೊಟ್ಟು ಹರಟುತ್ತಾ ಹೋಗುತ್ತಿದ್ದೆವು. ಸಂಜೆ ಬರುವಾಗ ಅದೇ ದಾರಿ ಏರು. ಮಾತಾಡುವ ತ್ರಾಣ ಯಾರಿಗೂ ಇರುತ್ತಿರಲಿಲ್ಲ. ದಿನವೆಲ್ಲ ನೀರಲ್ಲಿ ನಿಂತ ಪಾದಗಳು ಬೆಳ್ಳಗೆ ಸುಕ್ಕಾಗಿ, ಬೆರಳ ಸಂದಿಗಳು ಉರಿಯುತ್ತಿದ್ದವು. ಒಬ್ಬರ ಹೆಗಲಿಗೆ ಒಬ್ಬರು ತಲೆ ಕೊಟ್ಟು ತೂಕಡಿಸುತ್ತಿದ್ದೆವು. ನನ್ನ ಹೆಗಲಿಗೆ ಬೇಡಿಕೆ ಹೆಚ್ಚು, ದಿಂಬಿನ ಹಾಗಿದೆ ಎನ್ನುತ್ತಿದ್ದರು. ಹೆಚ್ಚಾಗಿ ಅಲ್ಲಿ ಮಲಗುತ್ತಿದ್ದವಳು ನನ್ನ ಗೆಳತಿ ಈರವ್ವ.

ದುರಗವ್ವನಿಗೆ ಒಂದು ಶಿಸ್ತಿತ್ತು. ಗದ್ದೆಯ ಕೆಸರು ಗಾಡಿಗೆ ಬರಕೂಡದು. ಕೆಲಸ ಮುಗಿದ ಮೇಲೆ ಎಲ್ಲರೂ ಕಾಲುವೆಯಲ್ಲಿ ಕೈಕಾಲು ತೊಳೆದು, ಕೊಪ್ಪೆಗಳನ್ನೂ ಜಾಲಿಸಿ ತೊಳೆಯಬೇಕು. ಕೊಪ್ಪೆ ಎಂದರೆ ಅಂಗಡಿಯದಲ್ಲ. ಗೊಬ್ಬರದ ಚೀಲದ ಒಳಗಿರುವ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಉದ್ದಕ್ಕೆ ಕೊಯ್ದು, ಒಂದು ಮೂಲೆ ಮಡಚಿ ತಲೆಗೆ ಸಿಕ್ಕಿಸಿಕೊಂಡರೆ ಬೆನ್ನು ಪೂರಾ ಮುಚ್ಚುವ ಹೊದಿಕೆ. ಮಳೆಯಲ್ಲಿ ನಾಟಿ ಮಾಡುವ ಹೆಂಗಸರೆಲ್ಲರ ಬೆನ್ನ ಮೇಲೂ ಅದೇ. ಗಾಡಿಯ ತೊಟ್ಟಿಯ ಮೇಲೆ ತಾಡಪತ್ರಿಯ ಹೊದಿಕೆ ಇದ್ದುದರಿಂದ ಕೂತಾಗ ಕೊಪ್ಪೆ ಬೇಕಿರಲಿಲ್ಲ. ಒದ್ದೆ ಕೊಪ್ಪೆ ಕೂರುವ ಕಡೆ ಇಟ್ಟರೆ ಸೀರೆ ತೊಯ್ಯುತ್ತದೆ, ಬುತ್ತಿಗಂಟು ತೊಯ್ಯುತ್ತದೆ. ಆದ್ದರಿಂದ ಡ್ರೈವರನ ಕ್ಯಾಬಿನ್ನಿಗೂ ಹಿಂದಿನ ತೊಟ್ಟಿಗೂ ನಡುವೆ ಇರುವ ಗೇಣಗಲದ ಸಂದಿಯಲ್ಲಿ ಎಲ್ಲರ ಕೊಪ್ಪೆಗಳನ್ನೂ ಇಳಿಬಿಡುವುದು ನಮ್ಮ ರೂಢಿ. ಊರು ಮುಟ್ಟುವುದರೊಳಗೆ ನೀರು ಸೋರಿ ಅರ್ಧ ಒಣಗಿರುತ್ತಿದ್ದವು. ಬೇರೆ ಗುಂಪಿನವರು ಗಾಡಿಯ ತುಂಬ ಕೆಸರು ಮಾಡಿಕೊಂಡು ಹೋಗುವುದನ್ನು ನೋಡಿ ದುರಗವ್ವ ಮೂಗು ಮುರಿಯುತ್ತಿದ್ದಳು.

ಆ ವರ್ಷ ನಾಟಿ ಶುರುವಾದಾಗ ಕಾಲುವೆಯಲ್ಲಿ ನೀರಿತ್ತು, ಮೇಲಿನಿಂದ ಹನಿ ಇರಲಿಲ್ಲ. ಕೊಪ್ಪೆಗಳನ್ನು ಮಡಚಿ ಕುಂಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದೆವು. ಗಾಡಿ ಗುಮ್ಮೆನ್ನುತ್ತಾ ಏರುತ್ತಿತ್ತು. ಆಮೇಲೆ ಮಳೆ ಕಚ್ಚಿಕೊಂಡಿತು. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಶುರುವಾಗಿ ಸಂಜೆಯವರೆಗೂ ಜಿಟಿಜಿಟಿ. ಅಂಥ ಒಂದು ಸಂಜೆ ಕನಕಗಿರಿ ದಾಟಿ, ಕರಿಕಲ್ಲುಗಳ ಗುಡ್ಡದ ನಡುವೆ ರಸ್ತೆ ಮೇಲೇಳುವಲ್ಲಿ ಗಾಡಿ ಮೊದಲ ಸಲ ಸೋತಿತು. ಶರಣಪ್ಪ ಗೇರು ಇಳಿಸಿದ, ಮತ್ತೆ ಇಳಿಸಿದ. ಹಿಂದಿನಿಂದ ಕಪ್ಪು ಹೊಗೆ ಬಂತು. ದಮ್ಮಿನ ರೋಗದ ಮುದುಕ ಮೆಟ್ಟಿಲು ಹತ್ತಿದ ಹಾಗೆ ಏದುತ್ತಾ ಏದುತ್ತಾ ನಿಂತೇ ಬಿಟ್ಟಿತು.

ನಾವೆಲ್ಲ ಇಳಿದೆವು. ಚಕ್ರಕ್ಕೆ ಕಲ್ಲು ಕೊಟ್ಟೆವು. ಶರಣಪ್ಪ ಗಾಡಿಯ ಮೂತಿ ಎತ್ತಿ ನೋಡಿ, ಏನೂ ತಿಳಿಯದೆ ಬೀಡಿ ಹಚ್ಚಿದ. ಬೀಡಿ ಮುಗಿಸಿ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಖಾಲಿ ಗಾಡಿಯನ್ನು ಏರಿನ ತುದಿಯವರೆಗೆ ಸಲೀಸಾಗಿ ಒಯ್ದು ನಿಲ್ಲಿಸಿದ. ನಾವು ಕೊಪ್ಪೆ ಹೊದ್ದು ನಡೆದು ಹೋಗಿ ಹತ್ತಿಕೊಂಡೆವು. ಮರುದಿನವೂ ಅದೇ ಕಥೆ, ಅದರ ಮರುದಿನವೂ. ನಮ್ಮದು ಬಯಲು ಸೀಮೆ ಎಂದು ಅಲ್ಲಿಯವರೆಗೂ ನಂಬಿದ್ದೆ. ಎಲ್ಲೆಲ್ಲಿ ಏರಿದೆ ಎಂಬುದು ಗಾಡಿ ಸೋತ ಮೇಲೆ, ಕಾಲಿಗೆ, ಗೊತ್ತಾಯಿತು.

ಕಾರಟಗಿಯ ರಸ್ತೆ ಬದಿಯಲ್ಲಿ ಮಾಬುಸಾಬ ಎಂಬ ಮೇಸ್ತ್ರಿಯ ಗ್ಯಾರೇಜಿತ್ತು. ಶರಣಪ್ಪ ನಮ್ಮನ್ನು ಗದ್ದೆಗೆ ಇಳಿಸಿ ದಿನವೂ ಅಲ್ಲಿಗೆ ಹೋಗತೊಡಗಿದ. ಮಳೆ ಶುರುವಾದ ಮೇಲೆ ಬಂದ ಜಡ್ಡಾದ್ದರಿಂದ ಡೀಸೆಲ್ಲಿಗೆ ನೀರು ಸೇರಿರಬೇಕು ಎಂದು ಮಾಬುಸಾಬ ಟ್ಯಾಂಕು ಇಳಿಸಿ ತೊಳೆದ. ಡೀಸೆಲ್ ಫಿಲ್ಟರ್ ಬದಲಿಸಿದ. ಕಪ್ಪು ಹೊಗೆ ಬರುತ್ತದೆ ಎಂದಾಗ ಗಾಳಿಯ ಫಿಲ್ಟರ್ ಬಿಚ್ಚಿ ಜಾಡಿಸಿದ, ಅದು ಹೊಸದರಂತೆಯೇ ಇತ್ತು. ಕ್ಲಚ್ಚು ನೋಡಿದ, ಬ್ರೇಕು ಕಚ್ಚಿಕೊಂಡಿದೆಯೇ ಎಂದು ಗಾಲಿ ತಿರುಗಿಸಿ ನೋಡಿದ. ಎಲ್ಲ ಸರಿ. ತಾನೇ ಓಡಿಸಿಕೊಂಡು ಹೋಗಿ ಬಂದು, ಕುದುರೆಯ ಹಾಗಿದೆ, ನಿನಗೇ ಓಡಿಸಲು ಬರುವುದಿಲ್ಲ ಎಂದು ಶರಣಪ್ಪನಿಗೆ ಬೈದ. ಸಂಜೆ ಅದೇ ಕುದುರೆ ಅದೇ ಏರಿನಲ್ಲಿ ಮಲಗಿತು.

ನಮ್ಮ ಕಡೆಯಿಂದ ಮಾಡುವುದನ್ನು ನಾವೂ ಬಿಡಲಿಲ್ಲ. ಮುಂದೆ ನಿಂಬೆಹಣ್ಣು, ಹಿಂದೆ ಹಳೆಯ ಚಪ್ಪಲಿ ಕಟ್ಟಿದೆವು. ಅಮಾವಾಸ್ಯೆಗೆ ಗಾಲಿಗೆ ಕಾಯಿ ಒಡೆದೆವು. ಏರಿನ ಬುಡದ ಬೇವಿನ ಮರಕ್ಕೆ ಈರವ್ವ ಊದಿನಕಡ್ಡಿ ಬೆಳಗಿದಳು. ಗಾಡಿಗೆ ದೇವರ ಹಂಗೂ ಇರಲಿಲ್ಲ, ಮಾಬುಸಾಬನ ಹಂಗೂ ಇರಲಿಲ್ಲ.

ಒಂದು ಭಾನುವಾರ ನಮಗೆ ಕೆಲಸವಿಲ್ಲದಾಗ ಶರಣಪ್ಪ ಕಾರಟಗಿಯ ಮಿಲ್ಲಿನಿಂದ ಅಕ್ಕಿಚೀಲ ಹೇರಿಕೊಂಡು ಬಂದ. ಅವತ್ತೂ ಮಳೆಯೇ. ಚೀಲಗಳ ತೂಕ ನಮ್ಮೆಲ್ಲರ ತೂಕಕ್ಕಿಂತ ಹೆಚ್ಚೇ ಇದ್ದಿರಬೇಕು. ಗಾಡಿ ಒಂದು ಸಲವೂ ಉಸಿರು ಬಿಡದೆ ಏರಿತು. ಅಲ್ಲಿಗೆ ಮಳೆಯ ತಪ್ಪೂ ಅಲ್ಲ, ಎಂಜಿನ್ನಿನ ತಪ್ಪೂ ಅಲ್ಲ ಎಂದಾಯಿತು. ಮರುದಿನ ಮತ್ತೆ ನಿಂತಾಗ ಶರಣಪ್ಪ ಎಲ್ಲರ ಮುಂದೆ ಅಂದ:

"ಚೀಲದ್ದು ಸತ್ತ ಭಾರ. ನಿಮ್ಮದು ಜೀವದ ಭಾರ. ಜೀವದ ಭಾರ ಎಳಿಯೋದು ಭಾಳ ಕಷ್ಟ."

ಇದೆಂಥ ತರ್ಕ ಎಂದು ಈಗ ನಗು ಬರುತ್ತದೆ. ಅವತ್ತು ಯಾರೂ ನಗಲಿಲ್ಲ. ಹೆಣ ಹೊರುವುದಕ್ಕೂ ಮಗು ಹೊರುವುದಕ್ಕೂ ವ್ಯತ್ಯಾಸವಿಲ್ಲವೇ ಎಂದು ಒಬ್ಬಳು ತಲೆದೂಗಿದಳು. ಅಲ್ಲದೆ ಕಣ್ಣಾರೆ ಕಂಡದ್ದೂ ಹಾಗೆಯೇ ಇತ್ತಲ್ಲ. ನಾವು ಕೂತರೆ ನಿಲ್ಲುತ್ತದೆ, ಇಳಿದರೆ ಏರುತ್ತದೆ. ಜೀವದ ಭಾರ ಎಂಬ ಮಾತು ಹೊರಬಿದ್ದ ಮೇಲೆ ಎಲ್ಲರ ಕಣ್ಣುಗಳು ಮೆಲ್ಲಗೆ ನನ್ನ ಕಡೆ ಹೊರಳಿದವು. ಮೊದಲು ನನ್ನನ್ನು ಮುಂದೆ ಕೂರಿಸಿ ನೋಡಿದರು, ಆಮೇಲೆ ಹಿಂದೆ, ಆಮೇಲೆ ಸರಿಯಾಗಿ ನಡುವೆ. ಏರು ಬಂದಾಗ ಉಸಿರು ಬಿಗಿಹಿಡಿ ಎಂದು ಒಬ್ಬಳು ಚೇಷ್ಟೆ ಮಾಡಿದಳು. ನಾನೂ ನಕ್ಕೆ, ಆದರೆ ಉಸಿರು ಬಿಗಿಹಿಡಿದದ್ದೂ ಹೌದು. ಏರಿನ ಬುಡದಲ್ಲೇ ನನ್ನನ್ನೊಬ್ಬಳನ್ನು ಇಳಿಸಿ ನೋಡಿದರೂ ಗಾಡಿ ಅರ್ಧಕ್ಕೆ ನಿಂತಿತು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟು ದೂರ ನನ್ನನ್ನು ಹೊತ್ತು ತಂದು ಗಾಡಿ ಮೊದಲೇ ದಣಿದಿತ್ತಂತೆ.

ಇತ್ತ ಕತ್ತಲಾಗಿ ಊರು ಸೇರುವುದು ಹೆಚ್ಚಾಗಿ, ಮನೆಗಳಲ್ಲಿ ಮಾತು ಶುರುವಾಗಿತ್ತು. ಮಕ್ಕಳು ಹಸಿದು ಮಲಗುತ್ತಿದ್ದವು. ಒಬ್ಬಳ ಗಂಡ ನಾಳೆಯಿಂದ ಕಳಿಸುವುದಿಲ್ಲವೆಂದು ಹಟ ಹಿಡಿದಿದ್ದ. ಗುಂಪು ಒಡೆದರೆ ಒಪ್ಪಿಕೊಂಡ ಗದ್ದೆ ಬೇರೆಯವರ ಪಾಲು, ಮುಂದಿನ ವರ್ಷ ಆ ಕ್ಯಾಂಪಿನವರು ನಮ್ಮನ್ನು ಕರೆಯುವುದಿಲ್ಲ. ದುರಗವ್ವ ಏನಾದರೂ ಮಾಡಲೇಬೇಕಿತ್ತು. ಒಂದು ಸಂಜೆ ಊರಲ್ಲಿ ಇಳಿದ ಮೇಲೆ ಅವಳು ನನ್ನ ಜೊತೆ ನಮ್ಮ ಮನೆಯವರೆಗೂ ನಡೆದು ಬಂದಳು. ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದಳು.

"ನಾಳಿಯಿಂದ ನೀ ಬರಬ್ಯಾಡ ಹುಲಿಗಿ. ನಾಟಿ ಮುಗಿಯೋಮಟ ಮನ್ಯಾಗ ಇರು."

"ನಾನು ನಾಟಿ ಹಚ್ಚೋದು ಕೈಲೆ, ದುರಗವ್ವ. ಮೈಲೆ ಅಲ್ಲ."

"ಹಂಗಾರ ಕೈ ಅಷ್ಟ ಕಳಿಸು," ಎಂದಳು. ತಮಾಷೆಗೆ ಹೇಳಿದ್ದಿರಬೇಕು. ಹೇಳಿದ ಮೇಲೆ ಅವಳಿಗೇ ಹೇಗೋ ಆಗಿ, ಸೆರಗು ಸರಿಪಡಿಸಿಕೊಂಡು ಹೋಗಿಬಿಟ್ಟಳು.

ಒಳಗೆ ಬಂದು ದೀಪ ಹಾಕದೆ ಕೂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಮ್ಮೆ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ ಎಂಬುದೊಂದೇ ಸಮಾಧಾನ. ನನ್ನ ಗಂಡ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದವನು ಸಂಗತಿ ಕೇಳಿ, ಹೋಗಲಿ ಬಿಡು, ನಿನ್ನ ಕಾಲಿಗೂ ಒಂದಿಷ್ಟು ಆರಾಮ ಸಿಕ್ಕಿತು ಎಂದ. ಅವನ ಪಾಲಿಗೆ ಅದು ಪ್ರೀತಿಯ ಮಾತು.

ಮರುದಿನ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಗಾಡಿ ಹೊತ್ತಿಗೆ ಮುಂಚೆಯೇ ಊರಿಗೆ ಬಂತು. ಶರಣಪ್ಪ ಹಾರ್ನ್ ಹೊಡೆದುಕೊಂಡೇ ಓಣಿ ಹೊಕ್ಕ. ಈರವ್ವ ನನ್ನ ಹತ್ತಿರ ಬಂದು ಕೂತು, ಗಾಡಿ ಒಂದು ಸಲವೂ ನಿಲ್ಲಲಿಲ್ಲ ಎಂದಳು. ಅದರ ಮರುದಿನವೂ ನಿಲ್ಲಲಿಲ್ಲ. ಮೂರನೆಯ ದಿನವೂ ಇಲ್ಲ. ಮೋಡ ಚದುರಿ ಬಿಸಿಲು ಬಿದ್ದಿತ್ತು. ಎಲ್ಲರೂ ಕೊಪ್ಪೆ ಮಡಚಿ ಕೆಳಗೆ ಹಾಕಿಕೊಂಡು ಕೂತಿದ್ದರು. ಅದನ್ನು ಯಾರು ಗಮನಿಸುತ್ತಾರೆ? ಎಲ್ಲರೂ ಗಮನಿಸಿದ್ದು ನಾನು ಇಲ್ಲದ್ದನ್ನು.

ಊರಿಗೆ ಊರೇ ಆ ಮಾತಾಡಿತು. ಬೋರಿನ ಬಳಿ ಕೊಡ ಇಟ್ಟರೆ ನೆಲ ಕುಸಿದೀತು ಹುಷಾರು ಎಂದರು. ಬಾಯಿ ಮಾಡಿ ನಾನೂ ತಿರುಗಿಸಿ ಕೊಟ್ಟೆ, ಆ ವಿದ್ಯೆಯಲ್ಲಿ ನಾನೇನೂ ಕಡಿಮೆಯಿಲ್ಲ. ಆದರೆ ಪಕ್ಕದ ಓಣಿಯ ಇನ್ನೊಂದು ಗುಂಪಿನ ಮೇಸ್ತ್ರಿಯ ಹತ್ತಿರ ಹೋಗಿ, ನಾನು ಬರುತ್ತೇನೆ ಎಂದು ಕೇಳಿದಾಗ ಅವಳು ಗಾಡಿಯವನನ್ನು ಕೇಳಿ ಹೇಳುತ್ತೇನೆ ಎಂದಳು. ಕೇಳಿ ಬಂದು, ಗಾಡಿಯವನು ಒಲ್ಲೆ ಎಂದ ಎಂದಳು. ಅವತ್ತು ನನಗೆ ನಿಜವಾಗಿ ಭಯವಾಯಿತು. ಗಾಡಿ ನಿಲ್ಲಿಸುವವಳು ಎಂಬ ಹೆಸರು ಒಂದು ಸಲ ಹತ್ತಿದರೆ ಇಳಿಯುವುದಿಲ್ಲ. ಮುಂದಿನ ವರ್ಷವಿಲ್ಲ, ಅದರ ಮುಂದಿನ ವರ್ಷವಿಲ್ಲ. ಗದ್ದೆಯ ನೀರಿಗೆ ಇಳಿಯುವುದು, ಹೆಂಗಸರ ನಡುವೆ ಕೂತು ಬುತ್ತಿ ಬಿಚ್ಚುವುದು, ಸಂಜೆ ಹೆಗಲ ಮೇಲೆ ಯಾರದೋ ತಲೆ ಬೀಳುವುದು, ಅಷ್ಟೂ ಮುಗಿಯಿತು ಎನಿಸಿತು. ಆ ರಾತ್ರಿ ಅರ್ಧ ರೊಟ್ಟಿ ತಿಂದು ಕೈ ತೊಳೆದೆ. ಮರುದಿನವೂ ಅರ್ಧವೇ ತಿಂದೆ. ಯಾರೂ ಕಾಣದಾಗ ಸೀರೆಯ ನೆರಿಗೆ ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗಾಡಿ ನನ್ನಿಂದಲೇ ನಿಂತಿತೆಂದು ನಾನೂ ನಂಬಿಬಿಟ್ಟಿದ್ದೆ. ಆ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದು.

ಆಮೇಲೆ ಮತ್ತೆ ಮೋಡ ಕಟ್ಟಿತು. ಸಂಜೆ ಈರವ್ವ ಒದ್ದೆ ಸೀರೆಯಲ್ಲೇ, ಹೊತ್ತು ಮುಳುಗಿದ ಮೇಲೆ, ಮೊದಲು ನಮ್ಮ ಮನೆಗೇ ಬಂದಳು. ಗಾಡಿ ನಿಂತಿತ್ತು. ನಾನಿಲ್ಲದೆ ನಿಂತಿತ್ತು. ಅದೇ ಏರು, ಅದೇ ಹೊಗೆ. ನನಗೆ ಆದ ಸಂತೋಷವನ್ನು ಹೇಳಿದರೆ ದೇವರು ಮೆಚ್ಚಲಿಕ್ಕಿಲ್ಲ. ಅವರೆಲ್ಲ ಮಳೆಯಲ್ಲಿ ನಡೆದು ಬಂದಿದ್ದರು, ನಾನು ಆ ರಾತ್ರಿ ಎರಡು ರೊಟ್ಟಿ ಉಂಡೆ.

ಮರುದಿನ ಮತ್ತೆ ನಿಂತಿತು. ಈಗ ಯಾರನ್ನು ಇಳಿಸುವುದು ಎಂದು ಗುಂಪಿನಲ್ಲಿ ಒಬ್ಬರ ಸೊಂಟ ಒಬ್ಬರು ನೋಡತೊಡಗಿದರಂತೆ. ಶರಣಪ್ಪ ಮಾಬುಸಾಬನ ಗ್ಯಾರೇಜಿನಲ್ಲಿ ಹೋಗಿ ಜಗಳಕ್ಕೆ ನಿಂತ. ಮಾಬುಸಾಬ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, ತನ್ನ ಗ್ಯಾರೇಜಿನಲ್ಲಿ ಗಾಡಿ ಸರಿಯಾಗಿಯೇ ಇರುತ್ತದೆ, ಜಡ್ಡಿರುವುದು ಏರಿನಲ್ಲಿ, ತಾನೂ ಅಲ್ಲಿಗೇ ಬರುತ್ತೇನೆ ಎಂದನಂತೆ. ಆದರೆ ಒಂದು ಷರತ್ತು ಹಾಕಿದ. ಮೊದಲ ದಿನ ಗಾಡಿ ನಿಂತಾಗ ಏನೇನಿತ್ತೋ ಯಾರ್ಯಾರಿದ್ದರೋ ಅಷ್ಟೂ ಇರಬೇಕು. ಒಂದು ಕಡ್ಡಿಯೂ ಆಚೀಚೆಯಾಗಬಾರದು.

ಹಾಗಾಗಿ ಶರಣಪ್ಪ ಬೆಳಗಾಗುವ ಮುಂಚೆ ನಮ್ಮ ಬಾಗಿಲಿಗೆ ಬಂದ. ದುರಗವ್ವ ಅವನ ಹಿಂದೆ ನಿಂತಿದ್ದಳು.

"ಒಂದಿನ ಬಂದು ಗಾಡ್ಯಾಗ ಕುಂತ್ರ ಸಾಕು, ಹುಲಿಗೆವ್ವ. ತೂಕಕ್ಕ ಬೇಕಾಗೈತಿ," ಎಂದ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಕುಂದ್ರಾಕ ಬರಂಗಿಲ್ಲ. ನಾಟಿ ಹಚ್ಚಾಕ ಬರ್ತೀನಿ," ಎಂದೆ. "ಇವತ್ತೂ ಬರ್ತೀನಿ, ನಾಟಿ ಮುಗಿಯೋಮಟ ಬರ್ತೀನಿ. ಗಾಡಿ ಏರಲಿ, ಬಿಡಲಿ. ಒಪ್ಪಿಗಿ ಇದ್ರ ಹೇಳ್ರಿ."

ಶರಣಪ್ಪ ದುರಗವ್ವನ ಮುಖ ನೋಡಿದ. ದುರಗವ್ವ ನೆಲ ನೋಡಿ, ಬುತ್ತಿ ಕಟ್ಟಿಕೊ ಎಂದಳು.

ಅವತ್ತು ಗದ್ದೆಗೆ ಇಳಿದವಳೇ ಸಾಲು ಹಿಡಿದೆ. ಸಸಿಯ ಕಟ್ಟು ಬಿಚ್ಚುವುದು, ಬೆರಳಿಗೆ ಸಿಕ್ಕಷ್ಟು ಕೀಳುವುದು, ಕೆಸರಿಗೆ ಒತ್ತುವುದು, ಹಿಂದಕ್ಕೆ ಹೆಜ್ಜೆ ಇಡುವುದು. ಇಷ್ಟು ದಿನ ಸುಮ್ಮನಿದ್ದ ಸೊಂಟ ಒಂದೇ ಸಾಲಿಗೆ ಬೇಡ ಎಂದಿತು. ನಾನು ಕೇಳಲಿಲ್ಲ. ಮಧ್ಯಾಹ್ನ ಮಳೆ ಬಂತು, ಮೊದಲ ಸಲ ಮಳೆ ಬಂದದ್ದಕ್ಕೆ ಎಲ್ಲರೂ ಸಮಾಧಾನಪಟ್ಟರು. ಸಂಜೆ ಕಾಲುವೆಯಲ್ಲಿ ಕಾಲು ತೊಳೆದು, ಕೊಪ್ಪೆ ತೊಳೆದು, ಎಂದಿನಂತೆ ಸಂದಿಯಲ್ಲಿ ಇಳಿಬಿಟ್ಟು ಕೂತೆವು. ಮಾಬುಸಾಬ ನಮ್ಮ ಜೊತೆಯೇ ಹಿಂದೆ ಹತ್ತಿಕೊಂಡ. ಗಡ್ಡ ನೆರೆತ ಸಣಕಲ ಮನುಷ್ಯ. ಇಷ್ಟು ಹೆಂಗಸರ ನಡುವೆ ಎಲ್ಲಿ ನೋಡಬೇಕೆಂದು ತಿಳಿಯದೆ ಹೊರಗಿನ ಮೋಡ ನೋಡುತ್ತಾ ನಿಂತಿದ್ದ. ಮೊದಲ ದಿನ ನಾನು ಕೂತಿದ್ದದ್ದು ಕ್ಯಾಬಿನ್ನಿನ ಬೆನ್ನಿಗೆ, ಮುಂದಿನ ಸರಳಿನ ಬದಿಯಲ್ಲಿ. ಅಲ್ಲಿಯೇ ಕೂರಿಸಿದರು.

ಕನಕಗಿರಿ ದಾಟಿತು. ಬೇವಿನ ಮರ ಬಂತು. ಎಂಜಿನ್ನಿನ ಸದ್ದು ದಪ್ಪವಾಯಿತು, ಶರಣಪ್ಪ ಗೇರು ಇಳಿಸಿದ. ಗಾಡಿ ಏದತೊಡಗಿತು. ಏರಲಿ ಎಂದು ಬೇಡಿಕೊಳ್ಳಬೇಕೋ, ನಿಲ್ಲಲಿ ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಏರಿದರೆ ಮತ್ತೆ ಪರೀಕ್ಷೆ, ನಿಂತರೆ ಮತ್ತೆ ನಾನು. ಕಪ್ಪು ಹೊಗೆ ಮೇಲೆದ್ದಿತು. ಮಾಬುಸಾಬ ಬಗ್ಗಿ ಕಿವಿಗೊಟ್ಟು ಕೇಳುತ್ತಿದ್ದ.

ಅಷ್ಟರಲ್ಲಿ ಮಳೆ ಮತ್ತೆ ದಪ್ಪ ಹನಿ ಹಾಕಿತು. ನಿಂತರೆ ಹೇಗೂ ನಡೆಯಬೇಕಲ್ಲ ಎಂದು ನಾನು ಸರಳಿನ ಮೇಲೆ ಬಗ್ಗಿ ಸಂದಿಯಿಂದ ನನ್ನ ಕೊಪ್ಪೆ ಎಳೆದೆ. ಬರಲಿಲ್ಲ. ಎಲ್ಲೋ ಮೊಳೆಗೆ ಸಿಕ್ಕಿರಬೇಕೆಂದು ಇನ್ನಷ್ಟು ಎಳೆದೆ. ಆಗಲೂ ಬರಲಿಲ್ಲ. ಅತ್ತ ಕಡೆಯಿಂದ ಯಾರೋ ಹಿಡಿದು ತಮ್ಮ ಕಡೆಗೆ ಎಳೆಯುತ್ತಿದ್ದ ಹಾಗಿತ್ತು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದ ಸಿಟ್ಟೆಲ್ಲ ಕೈಗೆ ಬಂತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಫಟ್ಟೆಂದು ಕೊಪ್ಪೆ ಕೈಗೆ ಬಂತು. ಕೂಡಲೇ ಎಂಜಿನ್ ಹೋ ಎಂದು ದೊಡ್ಡ ಉಸಿರು ಎಳೆದುಕೊಂಡಿತು. ನಿಲ್ಲಲು ಬಂದಿದ್ದ ಗಾಡಿ ಮುಂದಕ್ಕೆ ಜಿಗಿಯಿತು, ನಿಂತಿದ್ದ ಮಾಬುಸಾಬ ಈರವ್ವನ ಬುತ್ತಿಗಂಟಿನ ಮೇಲೆ ಕೂತುಬಿಟ್ಟ.

ಅವನು ಕ್ಯಾಬಿನ್ನು ಬಡಿದು ಗಾಡಿ ನಿಲ್ಲಿಸಿದ. ಇಳಿದು ಹೋಗಿ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿದ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆ ಅಲ್ಲಿಯೇ ಮೇಲಕ್ಕೆ ಬಂದಿತ್ತು. ಅದರ ಬಾಯಿಯ ಮೇಲಿರಬೇಕಾದ ರಬ್ಬರಿನ ಟೊಪ್ಪಿಗೆ ಆ ವರ್ಷವೇ ಎಲ್ಲೋ ಉದುರಿಹೋಗಿತ್ತು. ಬೋಳು ಬಾಯಿಯ ಸುತ್ತ ನಮ್ಮ ಕೊಪ್ಪೆಗಳು ಜೋತಾಡುತ್ತಿದ್ದವು. ಮಾಬುಸಾಬ ನನ್ನ ಕೊಪ್ಪೆಯನ್ನು ಇದ್ದಲ್ಲೇ ಮತ್ತೆ ಹಾಕಿಸಿ, ಶರಣಪ್ಪನಿಗೆ ಗಾಡಿ ಏರಿಸು ಎಂದ. ಗಾಡಿಗೆ ಜೋರು ಬೇಕಾದಾಗ ಕೊಳವೆ ಜೋರಾಗಿ ಎಳೆಯಿತು, ತೊಯ್ದ ಪ್ಲಾಸ್ಟಿಕ್ಕು ಬಾಯಿಗೆ ಪಟ್ಟನೆ ಮೆತ್ತಿಕೊಂಡಿತು, ಎಂಜಿನ್ನಿನ ಉಸಿರು ಕಟ್ಟಿತು. ಎಂಜಿನ್ ಆರಿಸಿದರೆ ತಾನಾಗಿಯೇ ಬಿಟ್ಟುಕೊಂಡು ಕೆಳಗಿಳಿಯಿತು. ಸಮದಾರಿಯಲ್ಲಿ ಅಷ್ಟು ಎಳೆತವಿಲ್ಲ, ಗ್ಯಾರೇಜಿನಲ್ಲಿ ಕೊಪ್ಪೆಯಿಲ್ಲ, ಅಕ್ಕಿಚೀಲಕ್ಕೆ ಕೊಪ್ಪೆ ಬೇಕಿಲ್ಲ, ನಾವು ಇಳಿದು ನಡೆದರೆ ಕೊಪ್ಪೆ ನಮ್ಮ ಬೆನ್ನ ಮೇಲೆ. ಕೊಪ್ಪೆಯೂ ನನ್ನದೇ ಆಗಬೇಕೇ ಎಂದು ನಾನು ಒಳಗೊಳಗೇ ಕುಗ್ಗುತ್ತಿದ್ದೆ. ಮಾಬುಸಾಬ ಅದನ್ನು ತೆಗೆದು ದುರಗವ್ವನದನ್ನು ಇಳಿಬಿಟ್ಟ. ಅದಕ್ಕೂ ನಿಂತಿತು. ಈರವ್ವನದಕ್ಕೂ ನಿಂತಿತು. ಯಾರ ಕೊಪ್ಪೆಯಾದರೇನು, ಎಂಜಿನ್ನಿಗೆ ಎಲ್ಲ ಒಂದೇ.

"ಭಾರ ಅಲ್ಲ ಏನಲ್ಲ. ನಿಮ್ಮ ಸ್ವಚ್ಛತಾಕ್ಕ ನಿಂತೈತಿ ಇದು," ಎಂದು ಮಾಬುಸಾಬ ದುರಗವ್ವನಿಗೆ ಹೇಳಿದ. ಇಷ್ಟು ದಿನ ಆ ಸಂದಿಯನ್ನು ತಾನೂ ನೋಡಲಿಲ್ಲ ಎಂದು ತನಗೂ ಎರಡು ಮಾತು ಬೈದುಕೊಂಡ.

ಎಲ್ಲರೂ ಒಮ್ಮೆಗೇ ನಗತೊಡಗಿದರು. ಅಷ್ಟು ದಿನದ ನಡಿಗೆ, ಜಗಳ, ಊದಿನಕಡ್ಡಿ ಎಲ್ಲ ನೆನೆದು ಮಳೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಬಾಯಿ ತೆರೆದೆ, ನಗು ಬರಲಿಲ್ಲ. ಅಲ್ಲೇ ರಸ್ತೆಯ ಕಲ್ಲಿನ ಮೇಲೆ ಕೂತೆ.

ಮಾಬುಸಾಬ ಮರುದಿನ ಕೊಳವೆಯ ಬಾಯಿಗೆ ತಂತಿಯ ಬಲೆ ಕಟ್ಟಿ ಹೊಸ ಟೊಪ್ಪಿಗೆ ಕೂರಿಸಿದ. ಕೊಪ್ಪೆಗಳಿಗೆ ಗಾಡಿಯ ಹಿಂಬದಿಗೆ ಒಂದು ಹಗ್ಗ ಕಟ್ಟಿದೆವು. ಶರಣಪ್ಪ ಎರಡು ದಿನ ನನ್ನ ಕಣ್ಣು ತಪ್ಪಿಸಿದ, ಮೂರನೆಯ ದಿನ ಕ್ಯಾಬಿನ್ನಿನಲ್ಲಿ ಕೂರುತ್ತೀಯಾ ಎಂದು ಕೇಳಿದ. ಬೇಡವೆಂದೆ. ದುರಗವ್ವ ಬುತ್ತಿ ಬಿಚ್ಚಿದಾಗ ನನ್ನ ರೊಟ್ಟಿಯ ಮೇಲೆ ತನ್ನ ಪುಂಡಿಪಲ್ಯೆ ಹಾಕಿದಳು. ತಪ್ಪಾಯಿತು ಎನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ. ನಾನು ಪಲ್ಯೆ ತಿಂದೆ. ಚೆನ್ನಾಗಿಯೇ ಇತ್ತು.

ಹೊಸ ಟೊಪ್ಪಿಗೆ ಕೂರಿಸಿದ ದಿನ ಸಂಜೆಯೂ ಮಳೆ. ಗಾಡಿ ತುಂಬ ಜನ, ಯಾರನ್ನೂ ಬಿಟ್ಟಿರಲಿಲ್ಲ. ಏರು ಬಂದಾಗ ಎಂಜಿನ್ನು ಗುಮ್ಮೆಂದು ಒಂದೇ ಸದ್ದಿನಲ್ಲಿ ಎಳೆಯತೊಡಗಿತು. ಹೊಗೆಯಿಲ್ಲ, ಏದುಸಿರಿಲ್ಲ. ಹುಡುಗಿಯರು ಕೇಕೆ ಹಾಕಿದರು. ಈರವ್ವ ಎಂದಿನಂತೆ ತಲೆ ಇಡಲು ನನ್ನ ಹೆಗಲು ಹುಡುಕಿದಳು. ಹೆಗಲು ಅಲ್ಲಿರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ನಾನು ಎರಡೂ ಕೈಯಲ್ಲಿ ಮೇಲಿನ ಸರಳು ಹಿಡಿದು, ಉಸಿರು ಬಿಗಿಹಿಡಿದು, ಕುಂಡೆ ನೆಲಕ್ಕೆ ತಾಗದ ಹಾಗೆ ಅರ್ಧ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ಗೊತ್ತಿರಲಿಲ್ಲ.

"ಕುಂದ್ರಲೇ ಹುಲಿಗಿ," ಎಂದಳು ಈರವ್ವ. "ಛಲೋ ಎಳಿಯಾಕತ್ತೈತಿ."

ಛಲೋ ಎಳೆಯುತ್ತಿರುವುದು ನನಗೂ ಕೇಳುತ್ತಿತ್ತು. ದುರಗವ್ವ ಅತ್ತ ಬದಿಯಿಂದ ನೋಡಿದಳು. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದಳು, ಆಮೇಲೆ ಜೋರಾಗಿ ಒತ್ತಿದಳು. ಕೂರಬೇಕೆಂದು ನನಗೂ ಇತ್ತು. ಏರು ಮುಗಿಯುವವರೆಗೂ ಮೊಣಕಾಲು ಮಡಚಲೇ ಇಲ್ಲ.